ಹರಕೆಯ ಜನ, ಭಾನುವಾರದ ಸಾಲು

ಕೃಷ್ಣರಾಜನಗರ ತಾಲ್ಲೂಕಿನ ದೋರನಹಳ್ಳಿ ಎಂದರೆ ಮೈಸೂರು ಸೀಮೆಯ ಜನಕ್ಕೆ ಸಂತ ಅಂತೋಣಿಯವರು. ಹೊಲ ಉಳುತ್ತಿದ್ದ ರೈತನಿಗೆ ಮರದ ಪ್ರತಿಮೆಯೊಂದು ಸಿಕ್ಕಿತು, ಅದೇನೆಂದು ತಿಳಿಯದೆ ಮಕ್ಕಳ ಆಟಕ್ಕೆ ಕೊಟ್ಟ, ಸಂನ್ಯಾಸಿಯೊಬ್ಬರು ಕನಸಿನಲ್ಲಿ ಬಂದು ಗುಡಿ ಕಟ್ಟಿಸು ಎಂದರು. ಹೀಗೆ ಸುಮಾರು ಇನ್ನೂರು ವರ್ಷಗಳಿಂದ ಬಾಯಿಂದ ಬಾಯಿಗೆ ಬಂದ ಐತಿಹ್ಯ ಅದರದು. ಜೂನ್ 13ರ ಹಬ್ಬಕ್ಕೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಗಳಿಂದಷ್ಟೇ ಅಲ್ಲದೆ ದೂರದ ಊರುಗಳಿಂದಲೂ ಜನ ಬರುತ್ತಾರೆ. ಬಂದವರಲ್ಲಿ ಹಿಂದೂಗಳು ಕಡಿಮೆಯೇನಿಲ್ಲ. ಮಡಿಲು ತುಂಬಲೆಂದು, ಕಳೆದದ್ದು ಸಿಗಲೆಂದು, ಕೋರ್ಟಿನ ವ್ಯಾಜ್ಯ ಮುಗಿಯಲೆಂದು ಹರಕೆ ಹೊರುತ್ತಾರೆ. 2019ರಲ್ಲಿ ಪೋಪ್ ಫ್ರಾನ್ಸಿಸ್ ಈ ದೇವಾಲಯಕ್ಕೆ ಕಿರು ಬಸಿಲಿಕಾದ ಸ್ಥಾನ ಕೊಟ್ಟಾಗಲೂ ಹೊರಗಿನವರ ಕಣ್ಣು ಹೋದದ್ದು ಈ ಹರಕೆಯ ಜನಸಂದಣಿಯ ಕಡೆಗೇ. ಅದೇ ಬಸಿಲಿಕಾದಲ್ಲಿ, ಮತ್ತೆ ಈ ನಾಲ್ಕು ತಾಲ್ಲೂಕುಗಳ ಹೆಸರು ಕೇಳಿಸದ ಹಳ್ಳಿಗುಡಿಗಳಲ್ಲಿ ಭಾನುವಾರದ ದಿನ ನಡೆಯುವ ಇನ್ನೊಂದು ಸಂಗತಿ ಇದೆ. ನಾಲಿಗೆಯ ಮೇಲೆ ಕರಗಿಹೋಗುವ ತೆಳ್ಳನೆಯ ಗೋಧಿ ಬಿಲ್ಲೆಯೊಂದಕ್ಕಾಗಿ, ಪರಮಪ್ರಸಾದಕ್ಕಾಗಿ, ಜನ ಎದ್ದು ಸಾಲಾಗಿ ನಿಲ್ಲುತ್ತಾರೆ. ಅದರ ಸುದ್ದಿ ಪತ್ರಿಕೆಗೆ ಬರುವುದಿಲ್ಲ, ಬರಬೇಕಾದಂಥ ಗದ್ದಲವೂ ಅಲ್ಲಿರುವುದಿಲ್ಲ.

ಇವೆರಡನ್ನೂ ಎದುರುಬದುರು ನಿಲ್ಲಿಸಿ ಮಾತಾಡುವ ರೂಢಿ ಬೆಳೆದಿದೆ. ಧರ್ಮಸಭೆಯೊಳಗಿನ ಓದಿಕೊಂಡವರಿಗೆ ಒಂದು ಆತಂಕ: ಜನ ಸಂತರ ಪ್ರತಿಮೆಗೆ ಮೇಣದ ಬತ್ತಿ ಹಚ್ಚಿ, ತೇರಿಗೆ ಕೈಮುಗಿದು ಹಿಂದಿರುಗುತ್ತಾರೆ, ಬಲಿಪೂಜೆ ಮುಗಿಯುವ ತನಕ ನಿಲ್ಲುವುದಿಲ್ಲ, ಹೀಗಾದರೆ ಪರಮಪ್ರಸಾದದ ಗತಿಯೇನು ಎಂದು. ಹೊರಗಿನ ಉದಾರಿಗಳದು ಇದರ ತಿರುವುಮುರುವು: ದೋರನಹಳ್ಳಿಯ ಹರಕೆಯೇ ನಿಜವಾದ ಧರ್ಮ, ಎಲ್ಲರಿಗೂ ಬಾಗಿಲು ತೆರೆದಿದೆ, ದೀಕ್ಷಾಸ್ನಾನ ಆದವರಿಗೆ ಮಾತ್ರ ಸಿಗುವ ಪ್ರಸಾದವಾದರೋ ಆ ಮತದವರ ಮನೆವಾರ್ತೆ. ನನ್ನ ದೃಷ್ಟಿಯಲ್ಲಿ ಈ ಎರಡು ತಕರಾರೂ ಒಂದೇ ತಪ್ಪಿನಿಂದ ಹುಟ್ಟಿದವು. ಜಾತ್ರೆಗೆ ಬಂದವರು ಮಾರನೆಯ ದಿನ ಚದುರುತ್ತಾರೆ. ಚದುರದೆ ಉಳಿದು, ಗುಡಿಗೆ ಸುಣ್ಣ ಬಳಿದು, ಸತ್ತವರನ್ನು ಹೊತ್ತು, ಮದುವೆಗಳಿಗೆ ಸಾಕ್ಷಿ ನಿಂತು, ಮುಂದಿನ ವರ್ಷದ ಜಾತ್ರೆಗೆ ಚಪ್ಪರ ಹಾಕುವ ಸಮುದಾಯವೊಂದು ಬೇಕಲ್ಲ, ಅದನ್ನು ಕಟ್ಟುತ್ತಿರುವುದು ಭಾನುವಾರದ ಆ ಸಾಲು. ಆದ್ದರಿಂದ ಇಲ್ಲಿನ ಧರ್ಮಕೇಂದ್ರಗಳ ಪರಮಪ್ರಸಾದ ಭಕ್ತಿಯನ್ನು ಅಳೆಯುವುದಾದರೆ ಆರಾಧನೆಯ ಗಂಟೆಗಳಿಂದಲೋ ಹಬ್ಬದ ಜನಸಂಖ್ಯೆಯಿಂದಲೋ ಅಳೆದು ಫಲವಿಲ್ಲ. ಆ ಸಾಲಿನಲ್ಲಿ ಯಾರು ಯಾರ ಹಿಂದೆ ನಿಲ್ಲುತ್ತಾರೆ, ಯಾರು ಬೆಂಚಿನಲ್ಲೇ ಉಳಿಯುತ್ತಾರೆ, ಎಷ್ಟು ಹಳ್ಳಿಗಳಿಗೆ ಅಂಥದೊಂದು ಸಾಲು ವಾರಕ್ಕೊಮ್ಮೆಯಾದರೂ ಸಿಗುತ್ತದೆ ಎಂಬುದನ್ನು ನೋಡಬೇಕು.

ಕ್ರೈಸ್ತರಲ್ಲದ ಓದುಗರಿಗಾಗಿ ಇಷ್ಟು ಹೇಳಬೇಕು. ಯೇಸು ಸಾಯುವ ಹಿಂದಿನ ರಾತ್ರಿ ಶಿಷ್ಯರೊಡನೆ ಊಟಕ್ಕೆ ಕುಳಿತು ರೊಟ್ಟಿಯನ್ನು ತನ್ನ ಶರೀರವೆಂದೂ ದ್ರಾಕ್ಷಾರಸವನ್ನು ತನ್ನ ರಕ್ತವೆಂದೂ ಹೇಳಿ ಹಂಚಿದರು. ತನ್ನ ನೆನಪಿಗಾಗಿ ಇದನ್ನು ಮಾಡಿರಿ ಎಂದರು. ಪವಿತ್ರ ಗುರುವಾರದ ಆ ಊಟವೇ ಪ್ರತಿ ಬಲಿಪೂಜೆಯಲ್ಲೂ ಮರುಕಳಿಸುತ್ತದೆ, ಗುರುಗಳು ಪೀಠದ ಮೇಲೆ ಪ್ರಾರ್ಥಿಸಿದಾಗ ರೊಟ್ಟಿಯ ರೂಪ ರುಚಿಗಳು ಉಳಿದರೂ ಒಳಗಿನ ಸತ್ವ ಕ್ರಿಸ್ತನದೇ ಆಗುತ್ತದೆ ಎಂಬುದು ಕ್ಯಾಥೊಲಿಕರ ನಂಬಿಕೆ. 1551ರಲ್ಲಿ ಟ್ರೆಂಟ್ ಮಹಾಸಭೆ ಅದನ್ನು ಖಚಿತ ಮಾತುಗಳಲ್ಲಿ ಸಾರಿತು. ಹಂಚಿ ಉಳಿದ ಪ್ರಸಾದವನ್ನು ಪೀಠದ ಬಳಿಯ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುತ್ತಾರೆ, ಹತ್ತಿರದಲ್ಲೊಂದು ದೀಪ ಆರದಂತೆ ಉರಿಯುತ್ತದೆ. ದೋರನಹಳ್ಳಿಯ ಸಂತರಿಗೂ ಇದಕ್ಕೂ ಸಂಬಂಧ ದೂರದ್ದಲ್ಲ. ಲಿಸ್ಬನ್ನಿನಲ್ಲಿ ಹುಟ್ಟಿ 1231ರ ಜೂನ್ 13ರಂದು ಪಾದುವಾದಲ್ಲಿ ತೀರಿಕೊಂಡ ಅಂತೋಣಿಯವರ ಬಗ್ಗೆ ಯೂರೋಪು ನೆನಪಿಟ್ಟುಕೊಂಡ ಕತೆಗಳಲ್ಲಿ ರಿಮಿನಿ ಊರಿನ ಹೇಸರಗತ್ತೆಯದೂ ಒಂದು: ದಿನಗಟ್ಟಲೆ ಉಪವಾಸ ಕೆಡವಿದ ಆ ಪ್ರಾಣಿ ಎದುರಿಗಿಟ್ಟ ಮೇವನ್ನು ಬಿಟ್ಟು, ಸಂತರ ಕೈಯಲ್ಲಿದ್ದ ಪರಮಪ್ರಸಾದದ ಮುಂದೆ ಮಂಡಿಯೂರಿತಂತೆ. ಕತೆಯ ಸತ್ಯಾಸತ್ಯ ಹಾಗಿರಲಿ. ಸಂತರಿಂದ ಪ್ರಸಾದಕ್ಕೆ ಅಪಾಯ ಎಂದು ಹೆದರುವವರು, ಈ ಸಂತರ ಕತೆಯೇ ಯಾವ ಕಡೆಗೆ ಬೆರಳು ತೋರಿಸುತ್ತದೆ ಎಂಬುದನ್ನು ಗಮನಿಸುವುದೊಳಿತು.

ಚರಿತ್ರೆಯ ಕಡೆಯಿಂದ ನೋಡಿದರೆ ಆ ಹೆದರಿಕೆ ಇನ್ನಷ್ಟು ಸಡಿಲವಾಗುತ್ತದೆ. ಜನ ಪರಮಪ್ರಸಾದವನ್ನು ಬಿಟ್ಟು ಸಂತರತ್ತ ಹೋದರು ಎನ್ನಬೇಕಾದರೆ ಹಿಂದೊಂದು ಕಾಲದಲ್ಲಿ ವಾರವಾರವೂ ಪ್ರಸಾದ ಸ್ವೀಕರಿಸುತ್ತಿದ್ದರು ಎಂದಾಗಬೇಕಲ್ಲ? ಹಾಗೇನೂ ಇರಲಿಲ್ಲ. 1640ರ ದಶಕದ ಕೊನೆಗೆ ಶ್ರೀರಂಗಪಟ್ಟಣಕ್ಕೆ ಬಂದು, ಕನ್ನಡ ಕಲಿತು, ಕನ್ನಡದಲ್ಲೇ ಧರ್ಮೋಪದೇಶ ಬರೆದ ಇಟಲಿಯ ಯೇಸುಸಭೆಯ ಲಿಯೊನಾರ್ಡೊ ಚಿನ್ನಮಿಯವರಿಂದ ಹಿಡಿದು, ಟಿಪ್ಪುವಿನ ಪತನದ ಬಳಿಕ ಗಂಜಾಂನಲ್ಲಿ ನೆಲೆಸಿದ ಫ್ರೆಂಚ್ ಪಾದ್ರಿ ದುಬ್ವಾವರೆಗೆ, ಬೆರಳೆಣಿಕೆಯ ಗುರುಗಳು ವಿಶಾಲ ಸೀಮೆಯನ್ನು ಸುತ್ತುತ್ತಿದ್ದರು. ಗುರುಗಳ ಸವಾರಿ ಬಂದಾಗ ಬಲಿಪೂಜೆ. ಉಳಿದ ದಿನಗಳಲ್ಲಿ ಉಪದೇಶಿ ಹೇಳಿಕೊಟ್ಟ ಜಪ, ಮನೆಯ ಗೋಡೆಯ ಮೇಲಿನ ಸಂತರ ಚಿತ್ರ. ಯೂರೋಪಿನಲ್ಲೂ ಸ್ಥಿತಿ ತೀರಾ ಬೇರೆಯಾಗಿರಲಿಲ್ಲ. ವರ್ಷಕ್ಕೊಮ್ಮೆ, ಪಾಸ್ಖದ (ಈಸ್ಟರ್) ಹೊತ್ತಿಗಾದರೂ ಪ್ರಸಾದ ಸ್ವೀಕರಿಸಿ ಎಂದು 1215ರ ಲ್ಯಾಟೆರನ್ ಮಹಾಸಭೆ ಕಟ್ಟಪ್ಪಣೆ ಮಾಡಬೇಕಾಗಿ ಬಂದದ್ದೇ ಅದಕ್ಕೆ ಸಾಕ್ಷಿ. ಪದೇ ಪದೇ, ಸಾಧ್ಯವಾದರೆ ದಿನವೂ ಸ್ವೀಕರಿಸಿ ಎಂದು ಪೋಪ್ ಹತ್ತನೇ ಪಿಯುಸ್ ಪ್ರೋತ್ಸಾಹಿಸಿದ್ದು 1905ರಲ್ಲಿ. ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಕೊಡಬಹುದು ಎಂದದ್ದು 1910ರಲ್ಲಿ. ಆಮೇಲೂ ನಡುರಾತ್ರಿಯಿಂದ ನೀರನ್ನೂ ಮುಟ್ಟದ ಉಪವಾಸ ಇತ್ತು. ನಸುಕಿನಲ್ಲೇ ದನ ಬಿಟ್ಟು ಗೇಯಲು ಹೋಗುವವರಿಗೆ ಅದು ಸಣ್ಣ ಮಾತಲ್ಲ. ಅದು ಸಡಿಲಾಗತೊಡಗಿದ್ದು 1953ರಿಂದೀಚೆಗೆ, ಒಂದು ಗಂಟೆಗೆ ಇಳಿದದ್ದು 1964ರಲ್ಲಿ. ಲ್ಯಾಟಿನ್ ಹೋಗಿ ಕನ್ನಡದ ಬಲಿಪೂಜೆ ಬಂದದ್ದೂ 1962–65ರ ಎರಡನೇ ವ್ಯಾಟಿಕನ್ ಮಹಾಸಭೆಯ ಫಲವೇ. ಅಂದರೆ ಇಂದು ನಾವು ಕಾಣುವ ಭಾನುವಾರದ ಉದ್ದನೆಯ ಸಾಲು ಹಳ್ಳಿಗಳ ಮಟ್ಟಿಗೆ ನಮ್ಮ ಅಜ್ಜಂದಿರ ಕಾಲದ್ದಕ್ಕಿಂತ ಹಿಂದಿನದಲ್ಲ. ಗುರುಗಳು ಬಾರದ ತಿಂಗಳುಗಳಲ್ಲಿ ಈ ಜನರನ್ನು ಹಿಡಿದಿಟ್ಟವರು ಸಂತರು. ಪ್ರಸಾದ ಬರುವ ತನಕ ಮನೆ ಕಾದವರನ್ನು ಪ್ರಸಾದದ ಎದುರಾಳಿಗಳೆಂದು ಕರೆಯುವುದು ಕೃತಘ್ನತೆಯಾದೀತು.

ಆದರೂ ಎರಡೂ ಒಂದೇ ಅಲ್ಲ. ಆ ವ್ಯತ್ಯಾಸವನ್ನು ಇಡೀ ಲೋಕಕ್ಕೆ ತೋರಿಸಿಕೊಟ್ಟದ್ದು ಕೊರೋನಾ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು; ಆ ವರ್ಷದ ಪಾಸ್ಖ ಏಪ್ರಿಲ್ 12ರಂದು ಖಾಲಿ ದೇವಾಲಯಗಳಲ್ಲಿ ಬಂದುಹೋಯಿತು. ಬಲಿಪೂಜೆ ಮೊಬೈಲಿಗೆ ಬಂತು, ನೊವೇನಾ ಪ್ರಾರ್ಥನೆ ಮೊಬೈಲಿಗೆ ಬಂತು. ಹರಕೆಗೆ ಅದರಿಂದ ಕುಂದೇನೂ ಬರಲಿಲ್ಲ: ಸಂತರಿಗೆ ಮನೆಯಿಂದಲೇ ಮೊರೆಯಿಡಬಹುದು, ಬತ್ತಿಯನ್ನು ಮನೆಯಲ್ಲೇ ಹಚ್ಚಬಹುದು, ಕಾಣಿಕೆಯನ್ನು ಎತ್ತಿಡಬಹುದು. ಪರಮಪ್ರಸಾದ ಮಾತ್ರ ಪರದೆಯೊಳಗಿಂದ ಬರಲಿಲ್ಲ. ಮನಸ್ಸಿನಲ್ಲೇ ಸ್ವೀಕರಿಸಿ ಎಂದು ಪ್ರಾರ್ಥನೆಯೊಂದನ್ನು ಹೇಳಿಕೊಟ್ಟರು, ಜನ ಹೇಳಿಕೊಂಡರು, ಆದರೆ ಅದು ಊಟದ ಬದಲು ಊಟದ ನೆನಪು ಎಂಬುದು ಹೇಳಿಕೊಟ್ಟವರಿಗೂ ಗೊತ್ತಿತ್ತು. ಹರಕೆ ಒಬ್ಬರೇ ಹೊರಬಹುದಾದದ್ದು. ಪ್ರಸಾದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಬೇಕು, ಕೊಡುವ ಕೈ ಬೇಕು, ನಡೆದು ಬರುವ ಮೈ ಬೇಕು. ಧರ್ಮಕೇಂದ್ರವೆಂಬುದು ಕಟ್ಟಡದಲ್ಲೂ ಇಲ್ಲ, ಬ್ಯಾಂಕ್ ಖಾತೆಯಲ್ಲೂ ಇಲ್ಲ, ಹೀಗೆ ಜೊತೆಗೆ ನಡೆದುಬರುವ ಮೈಗಳಲ್ಲಿದೆ ಎನ್ನಲು ಇದಕ್ಕಿಂತ ಗಟ್ಟಿ ಪುರಾವೆಯನ್ನು ಯಾವ ದೇವಶಾಸ್ತ್ರಜ್ಞರೂ ಒದಗಿಸಿರಲಿಲ್ಲ. 2022ರ ಡಿಸೆಂಬರ್ 27ರಂದು ಪಿರಿಯಾಪಟ್ಟಣದ ಸಂತ ಮೇರಿ ದೇವಾಲಯಕ್ಕೆ ನುಗ್ಗಿದವರು ಬಾಲಯೇಸುವಿನ ಪ್ರತಿಮೆಗೆ ಹಾನಿ ಮಾಡಿ ಕಾಣಿಕೆ ಡಬ್ಬಿಯನ್ನು ಒಯ್ದರು. ಮುರಿದ ಪ್ರತಿಮೆಯ ಚಿತ್ರವನ್ನು ನಾಡೆಲ್ಲ ನೋಡಿತು. ಪ್ರತಿಮೆಯನ್ನು ಮತ್ತೆ ಕೊಳ್ಳಬಹುದು. ಹಬ್ಬದ ಎರಡೇ ದಿನಕ್ಕೆ ಹೀಗಾದ ಊರಿನಲ್ಲಿ ಮುಂದಿನ ಭಾನುವಾರ ಜನ ಹೆದರದೆ ಬಂದು ಸಾಲು ನಿಲ್ಲುತ್ತಾರೋ ಇಲ್ಲವೋ ಎಂಬುದು ಅದಕ್ಕಿಂತ ದೊಡ್ಡ ಪ್ರಶ್ನೆ.

ಸಾಲು ಎಂದಾಗ ಈ ನಾಡಿನವರಿಗೆ ಮೊದಲು ನೆನಪಾಗುವುದು ಪಂಕ್ತಿ. ಪಂಕ್ತಿಯ ಹಿಂದೆಯೇ ಪಂಕ್ತಿಭೇದ. ಯಾರ ಜೊತೆ ಕುಳಿತು ಉಣ್ಣಬಹುದು, ಯಾರ ಕೈಯ ನೀರು ಕುಡಿಯಬಹುದು ಎಂಬ ಲೆಕ್ಕದ ಮೇಲೆ ಶತಮಾನಗಳಿಂದ ನಿಂತ ಸಮಾಜಕ್ಕೆ ಒಂದೇ ಪಾತ್ರೆಯಿಂದ ಎಲ್ಲರಿಗೂ ಹಂಚುವ ಊಟವನ್ನು ಕೇಂದ್ರವಾಗಿಟ್ಟುಕೊಂಡ ಧರ್ಮವೊಂದು ಬಂದದ್ದು ಸಾಮಾನ್ಯ ಘಟನೆಯಲ್ಲ. ಆದರೆ ಊಟ ಗೆದ್ದಿತೇ, ಲೆಕ್ಕ ಗೆದ್ದಿತೇ? ಇಲ್ಲಿ ಧರ್ಮಸಭೆಯ ಪರ ವಾದಿಸುವವರು ತಲೆ ತಗ್ಗಿಸಬೇಕಾದ ದಾಖಲೆಗಳಿವೆ. 1704ರಲ್ಲಿ ಪೋಪ್ ಪ್ರತಿನಿಧಿ ತೂರ್ನೋನ್ ಪಾಂಡಿಚೇರಿಯಲ್ಲಿ ಹೊರಡಿಸಿದ ಆಜ್ಞೆ ಮಧುರೈ, ಮೈಸೂರು, ಕರ್ನಾಟಿಕ್ ಮಿಷನ್‌ಗಳಿಗೆ ಅನ್ವಯಿಸುವಂಥದು. ಹೊಲಗೇರಿಯ ಕಾಯಿಲೆಯವರ ಮನೆಯೊಳಕ್ಕೆ ಹೋಗಿ ಸಂಸ್ಕಾರಗಳನ್ನು ಕೊಡಬೇಕು ಎಂದು ಆ ಆಜ್ಞೆ ಹೇಳಬೇಕಾಯಿತು. ಅಂದರೆ ಸಂನ್ಯಾಸಿ ವೇಷದ ಮಿಷನರಿಗಳು ಆವರೆಗೆ ಹಾಗೆ ಹೋಗುತ್ತಿರಲಿಲ್ಲ. 1744ರಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್ ಅದೇ ಮಾತನ್ನು ಮತ್ತೆ ಹೇಳಿದರೂ ಆ ಜನರಿಗೆಂದೇ ಬೇರೆ ಗುರುಗಳನ್ನು ಇಟ್ಟುಕೊಳ್ಳಲು ಒಪ್ಪಿದರು. ಊಟದ ಸೂಕ್ಷ್ಮ ಎಷ್ಟು ಆಳದ್ದೆಂಬುದಕ್ಕೆ ದುಬ್ವಾ ಒಂದು ಪ್ರಸಂಗ ಕೊಡುತ್ತಾರೆ. 1823ರಲ್ಲಿ ಅಚ್ಚಾದ ಅವರ ಪತ್ರಗಳಲ್ಲಿ ಅದಿದೆ. ಮನೆ ಬಿಟ್ಟುಹೋದ ಮಗ ಮರಳಿ ಬಂದಾಗ ತಂದೆ ಕೊಬ್ಬಿದ ಕರುವನ್ನು ಕಡಿಸಿ ಔತಣ ಮಾಡಿಸಿದ ಸಾಮತಿಯನ್ನು ಅವರು ಬೋಧಿಸಿದರು. ಕೇಳುತ್ತಿದ್ದ ಕ್ರೈಸ್ತರೇ ಬಂದು, ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎಂದು ಹೇಳಿ ಎಂದು ಬುದ್ಧಿವಾದ ಹೇಳಿದರಂತೆ. ದೀಕ್ಷಾಸ್ನಾನವಾದರೂ ಅಡುಗೆಮನೆ ಬದಲಾಗಿರಲಿಲ್ಲ. 2016ರ ಡಿಸೆಂಬರಿನಲ್ಲಿ ಭಾರತದ ಕ್ಯಾಥೊಲಿಕ್ ಧರ್ಮಾಧ್ಯಕ್ಷರ ಮಂಡಳಿ ದಲಿತ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಸಭೆಯೊಳಗೆ ಅಸ್ಪೃಶ್ಯತೆ ಇನ್ನೂ ಉಳಿದಿದೆ ಎಂದು ತಾನೇ ಒಪ್ಪಿಕೊಂಡಿತು.

ಇಷ್ಟಾದ ಮೇಲೆ ಸಾಲಿನ ಹೆಚ್ಚುಗಾರಿಕೆ ಏನು ಉಳಿಯಿತು ಎಂದು ಯಾರಾದರೂ ಕೇಳಬಹುದು, ಕೇಳಲೂಬೇಕು. ನನ್ನ ಉತ್ತರ ಇದು: ಸಾಲು ಜಾತಿಯನ್ನು ಅಳಿಸಲಿಲ್ಲ, ಆದರೆ ಜಾತಿಗೆ ಅಲ್ಲಿ ನೆಮ್ಮದಿಯಿಂದ ನಿಲ್ಲಲು ಎಂದೂ ಬಿಡಲಿಲ್ಲ. ಈ ಕಾದಾಟ ಭಾರತದಲ್ಲಿ ಶುರುವಾದದ್ದೂ ಅಲ್ಲ. ಕ್ರಿ.ಶ. ಐವತ್ತರ ದಶಕದಲ್ಲೇ ಸಂತ ಪೌಲ ಕೊರಿಂಥದ ಸಭೆಯ ಮೇಲೆ ಕೆಂಡ ಕಾರುತ್ತಾನೆ. ಉಳ್ಳವರು ಮುಂಚಿತವಾಗಿ ಬಂದು ತಮ್ಮ ಬುತ್ತಿ ತಾವು ತಿಂದು ಕುಡಿದು ಮತ್ತರಾಗುತ್ತಾರೆ, ಇಲ್ಲದವರು ಹಸಿದು ಕೂರುತ್ತಾರೆ. ಹೀಗೆ ಮಾಡುವುದಾದರೆ ಅದು ಪ್ರಭುವಿನ ಭೋಜನವೇ ಅಲ್ಲ ಎನ್ನುವುದು ಅವನ ವಾದದ ಸಾರ. ಪ್ರಭುವಿನ ಕೊನೆಯ ಊಟವನ್ನು ಕುರಿತ ಅತ್ಯಂತ ಹಳೆಯ ಬರಹ ನಮಗೆ ಸಿಗುವುದು ಈ ಜಗಳದ ನಡುವೆ. ಪಂಕ್ತಿಭೇದವನ್ನು ಬಯ್ಯುವುದಕ್ಕಾಗಿಯೇ ಅವನು ಆ ರಾತ್ರಿಯ ಮಾತುಗಳನ್ನು ಎತ್ತಿಕೊಂಡ. ಹಾಗಾಗಿ ಬೇರೆ ಬೆಂಚು, ಬೇರೆ ಸ್ಮಶಾನ, ಬೇರೆ ತೇರು ಎಂದು ಎಲ್ಲಿ ಕಂಡರೂ ಅದನ್ನು ಖಂಡಿಸುವ ಆಧಾರ ಹೊರಗಿನಿಂದ ತರಬೇಕಿಲ್ಲ, ಪ್ರತಿ ಭಾನುವಾರ ಪೀಠದ ಮೇಲೆ ಓದುವ ಮಾತಿನಲ್ಲೇ ಅದು ಅಡಗಿದೆ. ಸಂತರ ಹರಕೆಗೆ ಈ ಹಲ್ಲಿಲ್ಲ. ಜಾತ್ರೆಯಲ್ಲಿ ಎಲ್ಲ ಜಾತಿಯವರೂ ಸೇರುತ್ತಾರೆ ನಿಜ. ಸೇರಿ, ಯಾರೂ ಯಾರ ಎಲೆಯ ಪಕ್ಕದಲ್ಲೂ ಕೂರದೆ, ತಮ್ಮ ತಮ್ಮ ಜಾತಿಯನ್ನು ಹೊತ್ತುಕೊಂಡೇ ಮನೆಗೆ ಹೋಗಲು ಅಲ್ಲಿ ಅಡ್ಡಿಯಿಲ್ಲ.

ಹಾಗಾದರೆ ಆ ಸಾಲಿಗೆ ಎಲ್ಲರನ್ನೂ ಯಾಕೆ ಸೇರಿಸುವುದಿಲ್ಲ? ದೋರನಹಳ್ಳಿಗೆ ಬಂದ ಹಿಂದೂ ತಾಯಿಯೊಬ್ಬಳು ಪ್ರಸಾದಕ್ಕೆ ಕೈಚಾಚಿದರೆ ಕೊಡುವುದಿಲ್ಲ. ಪಕ್ಕದ ನಂಜನಗೂಡು ತಾಲ್ಲೂಕಿನ ಸುತ್ತೂರು ಮಠದ ದಾಸೋಹದಲ್ಲಿ ಕೂತವರ ಕುಲಗೋತ್ರ ಯಾರೂ ಕೇಳುವುದಿಲ್ಲ. ಇದು ಬಲವಾದ ಆಕ್ಷೇಪ. ಆದರೆ ದಾಸೋಹ ನಡೆಸುವ ಪರಂಪರೆಯಲ್ಲೇ ಇನ್ನೊಂದು ಪ್ರಸಾದವಿದೆ ಎಂಬುದನ್ನು ಮರೆಯಬಾರದು. ಲಿಂಗದೀಕ್ಷೆ ಪಡೆದವನು ಇಷ್ಟಲಿಂಗಕ್ಕೆ ಅರ್ಪಿಸಿ ಸ್ವೀಕರಿಸುವ ಪ್ರಸಾದ ಅಷ್ಟಾವರಣಗಳಲ್ಲಿ ಒಂದು, ಅದು ದಾರಿಹೋಕನ ಊಟವಲ್ಲ. ಹಸಿದವನಿಗೆ ಇಡುವ ಅನ್ನಕ್ಕೆ ಷರತ್ತು ಹಾಕಬಾರದು; ಬದುಕನ್ನು ಒತ್ತೆಯಿಟ್ಟು ಕೊಟ್ಟ ಮಾತಿನ ಗುರುತಾಗಿ ಸ್ವೀಕರಿಸುವ ತುತ್ತಿಗೆ ಷರತ್ತು ಇಲ್ಲದಿದ್ದರೆ ಮಾತಿಗೇ ಬೆಲೆಯಿರದು. ಸಭೆ ಎರಡು ಊಟಗಳನ್ನೂ ಬಡಿಸಬೇಕು ಮತ್ತು ಎರಡರ ವ್ಯತ್ಯಾಸವನ್ನು ಒರಟಾಗದೆ ತಿಳಿಹೇಳಬೇಕು. ಪಾದುವಾದ ಸಂತರ ಹೆಸರಿನಲ್ಲೇ ಬಡವರಿಗೆ ರೊಟ್ಟಿ ಹಂಚುವ ಪದ್ಧತಿ ಕ್ಯಾಥೊಲಿಕ್ ಲೋಕದಲ್ಲೆಲ್ಲ ಇದೆ, ಅದಕ್ಕೆ ಯಾವ ದೀಕ್ಷೆಯೂ ಬೇಡ. ನನಗೆ ಹೆಚ್ಚು ಕಾಡುವುದು ಹೊರಗಿನವರ ಪ್ರಶ್ನೆಗಿಂತ ಒಳಗಿನವರದು. ಓಡಿಹೋಗಿ ಮದುವೆಯಾದವರು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಸುಮ್ಮನಾದವರು, ಗಂಡ ಬಿಟ್ಟುಹೋದ ಮೇಲೆ ಇನ್ನೊಬ್ಬನ ಜೊತೆ ಬಾಳು ಕಟ್ಟಿಕೊಂಡ ಹೆಂಗಸರು ಬಲಿಪೂಜೆಗೆ ಬರುತ್ತಾರೆ, ಸಾಲು ಏಳುವಾಗ ಏಳುವುದಿಲ್ಲ. ಪ್ರಸಾದವು ಪರಿಪೂರ್ಣರಿಗೆ ಕೊಡುವ ಬಹುಮಾನ ಅಲ್ಲ, ಬಲವಿಲ್ಲದವರ ಔಷಧಿ ಎಂಬ ಅರ್ಥದ ಮಾತನ್ನು ಪೋಪ್ ಫ್ರಾನ್ಸಿಸ್ 2013ರಲ್ಲಿ ಬರೆದರು. ಬೇಲಿಯನ್ನು ಕಿತ್ತೆಸೆಯಿರಿ ಎಂದು ಅದರರ್ಥ ಅಲ್ಲ; ಇಂಥವರ ಮದುವೆಯನ್ನು ಸರಿಪಡಿಸಲು ಯಾವ ದಾರಿಯಿದೆ ಎಂದು ಹುಡುಕುವ ಹೊಣೆ ಗುರುಗಳದ್ದೂ ಪಾಲನಾ ಸಮಿತಿಯದ್ದೂ ಆಗುತ್ತದೆ.

ಗೋಧಿ ಮತ್ತು ದ್ರಾಕ್ಷಿಯ ಬಗ್ಗೆಯೂ ಒಂದು ಮಾತು. ಧರ್ಮಸಭೆಯ ಕಾನೂನು ಸಂಹಿತೆಯ 924ನೇ ವಿಧಿಯಂತೆ ರೊಟ್ಟಿ ಗೋಧಿಯದೇ ಆಗಬೇಕು, ರಸ ದ್ರಾಕ್ಷಿಯದೇ. ರಾಗಿಮುದ್ದೆ ಉಣ್ಣುವ ಎಚ್.ಡಿ. ಕೋಟೆಗೂ ಭತ್ತದ ಕಣಜವಾದ ಕೆ.ಆರ್. ನಗರಕ್ಕೂ ಎರಡೂ ಪರಕೀಯ. ರೋಮಿನ ಹಠ ಇದು ಎನ್ನುವವರಿದ್ದಾರೆ. ರಾಗಿಯೇ ಆಫ್ರಿಕಾದಿಂದ ವಲಸೆ ಬಂದ ಧಾನ್ಯ, ಹುಣಸೂರು ಪಿರಿಯಾಪಟ್ಟಣಗಳ ಜೇಬು ತುಂಬಿಸುವ ಹೊಗೆಸೊಪ್ಪು ಅಮೆರಿಕದ್ದು. ಯಾವುದು ಸ್ವದೇಶಿ ಎಂದು ಗೆರೆ ಕೊರೆಯಲು ಹೊರಟರೆ ನಮ್ಮ ಊಟದ ತಟ್ಟೆಯಲ್ಲಿ ಮೆಣಸಿನಕಾಯಿಯೂ ಉಳಿಯದು. ಗೋಧಿಯ ಬಿಲ್ಲೆಗೆ ನನ್ನ ಆಕ್ಷೇಪ ಬೇರೆ: ಅದು ಪೊಟ್ಟಣದಲ್ಲಿ ಸಿದ್ಧವಾಗಿ ಬರುತ್ತದೆ, ಊರಿನ ಬೆವರು ಅದರಲ್ಲಿ ಕಾಣುವುದಿಲ್ಲ. ಕರಾವಳಿಯ ಕೊಂಕಣಿ ಕ್ಯಾಥೊಲಿಕರು ಸೆಪ್ಟೆಂಬರ್ 8ರಂದು ಹೊಸ ತೆನೆಯನ್ನು ಪೀಠದ ಬಳಿಗೆ ತಂದು, ಹರಸಿದ ತೆನೆಯನ್ನು ಮನೆಗೊಯ್ದು ಹೊಸ ಅಕ್ಕಿಯ ಊಟ ಮಾಡುತ್ತಾರೆ. ಗದ್ದೆಯನ್ನು ಪೀಠಕ್ಕೆ ಜೋಡಿಸಲು ಕಾನೂನು ಅಡ್ಡ ಬರಲಿಲ್ಲ. ಇಂಥ ದಾರಿಗಳನ್ನು ದೂರ ಹುಡುಕಬೇಕಾಗಿಯೂ ಇಲ್ಲ. 1969ರಲ್ಲಿ ಭಾರತದ ಬಲಿಪೂಜೆಗೆ ವ್ಯಾಟಿಕನ್ ಒಪ್ಪಿದ ಹನ್ನೆರಡು ಅಂಶಗಳ ಹಿಂದಿದ್ದ ಮುಖ್ಯ ಚೇತನ ಫಾದರ್ ಡಿ.ಎಸ್. ಅಮಲೋರ್‌ಪವದಾಸ್, ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಕ್ರೈಸ್ತಧರ್ಮ ಅಧ್ಯಯನ ವಿಭಾಗವನ್ನು ಮುನ್ನಡೆಸಿ, ಮೈ‌ಸೂರಿನಲ್ಲೇ ಅಂಜಲಿ ಆಶ್ರಮ ಕಟ್ಟಿದವರು. ಆ ಹನ್ನೆರಡರಲ್ಲಿ ಕೆಲವು: ಚಪ್ಪಲಿ ಕಳಚಿ ನೆಲದ ಮೇಲೆ ಕೂರುವುದು, ಮಂಡಿಯೂರುವ ಬದಲು ಕೈಮುಗಿದು ಬಾಗುವುದು, ಮೇಣದ ಬತ್ತಿಯ ಬದಲು ಎಣ್ಣೆಯ ದೀಪ, ಪುಷ್ಪ ಧೂಪ ದೀಪಗಳ ಆರತಿ. ಆಗ ಇದನ್ನು ಹಿಂದೂಕರಣ ಎಂದು ಜರೆದವರೂ ಇದ್ದರು, ಮೇಲ್ಜಾತಿಯ ಅಲಂಕಾರ ಎಂದು ಕೊಂಕು ತೆಗೆದ ದಲಿತ ಚಿಂತಕರೂ ಇದ್ದರು. ಎರಡನೆಯ ಟೀಕೆಯಲ್ಲಿ ಹುರುಳಿದೆ. ಆರತಿ ಬಂದು ಒಂದೇ ಸಾಲು ಬಾರದಿದ್ದರೆ ಏನೂ ಬಂದಂತಾಗಲಿಲ್ಲ.

ಈಚಿನ ವರ್ಷಗಳಲ್ಲಿ ಪರಮಪ್ರಸಾದದ ಆರಾಧನೆಗೆ ಹೊಸ ಹುರುಪು ಬಂದಿದೆ. ಕಿರಣಗಳ ಆಕಾರದ ಹೊಳೆಯುವ ಪಾತ್ರೆಯಲ್ಲಿ ಪ್ರಸಾದವನ್ನಿಟ್ಟು ಗಂಟೆಗಟ್ಟಲೆ ಪ್ರಾರ್ಥಿಸುವುದು, ರೋಗಶಾಂತಿಯ ಹಾಡು, ಮೈಕಿನ ಬೋಧನೆ. ಇದಕ್ಕೆ ಹಳೆಯ ಬೇರಿದೆ. ಕ್ರಿಸ್ತಶರೀರದ ಹಬ್ಬವನ್ನು ಪೋಪ್ ನಾಲ್ಕನೇ ಅರ್ಬನ್ ಸ್ಥಾಪಿಸಿದ್ದು 1264ರಲ್ಲಿ. ಈಚೆಗೆ ಅಮೆರಿಕದ ಧರ್ಮಾಧ್ಯಕ್ಷರನ್ನು ಹೆದರಿಸಿದ್ದು ಪ್ಯೂ ಸಂಶೋಧನಾ ಕೇಂದ್ರದ 2019ರ ಸಮೀಕ್ಷೆ: ಅಲ್ಲಿನ ಕ್ಯಾಥೊಲಿಕರಲ್ಲಿ ಶೇ 31ರಷ್ಟು ಮಂದಿ ಮಾತ್ರ ರೊಟ್ಟಿ ರಸಗಳು ನಿಜವಾಗಿ ಕ್ರಿಸ್ತನ ಶರೀರ ರಕ್ತಗಳಾಗುತ್ತವೆ ಎಂದು ನಂಬುತ್ತಿದ್ದರು. ಅಲ್ಲಿಂದ ಶುರುವಾದ ಪರಮಪ್ರಸಾದ ಭಕ್ತಿಯ ಪುನರುಜ್ಜೀವನ 2024ರ ಜುಲೈನಲ್ಲಿ ಇಂಡಿಯಾನಾಪೊಲಿಸ್‌ನ ದೊಡ್ಡ ಸಮಾವೇಶದವರೆಗೆ ಬಂತು. ಆ ಮದ್ದನ್ನೇ ಇಲ್ಲಿಗೂ ತರುವವರು ರೋಗ ಅದೇನಾ ಎಂದು ಮೊದಲು ಕೇಳಿಕೊಳ್ಳಬೇಕು. ಪ್ರತಿಮೆಯಲ್ಲಿ, ಸಮಾಧಿಯಲ್ಲಿ, ದರ್ಗಾದ ಚಾದರದಲ್ಲಿ ದೈವದ ಸಾನ್ನಿಧ್ಯ ಕಾಣುವ ನೆಲದಲ್ಲಿ ರೊಟ್ಟಿಯಲ್ಲಿ ದೇವರಿದ್ದಾನೆ ಎಂದು ನಂಬಿಸುವುದು ಕಷ್ಟವಲ್ಲ. ಕಷ್ಟ ಇರುವುದು ಪಕ್ಕದಲ್ಲಿ ನಿಂತವನಲ್ಲಿ ಕಾಣುವುದರಲ್ಲಿ. ಆರಾಧನೆ ಮೌನಕ್ಕೆ ಒಳ್ಳೆಯದು, ಆದರೆ ಅದು ನನಗೂ ಪಾತ್ರೆಗೂ ಮಧ್ಯದ ವ್ಯವಹಾರವಾಗಿ ಉಳಿದರೆ ಇನ್ನೊಂದು ಬಗೆಯ ಹರಕೆಯಾಗುತ್ತದೆ ಅಷ್ಟೆ. ಗಡಿಯಾಚೆ ಕೇರಳದಲ್ಲಿ 2021ರಿಂದ ಬಲಿಪೂಜೆಯ ವೇಳೆ ಗುರುಗಳು ಪೀಠದ ಕಡೆ ಮುಖ ಮಾಡಬೇಕೋ ಜನರ ಕಡೆಯೋ ಎಂದು ಸಿರೋ ಮಲಬಾರ್ ಸಭೆಯಲ್ಲಿ ಬೀದಿಜಗಳವೇ ನಡೆಯಿತು. ಆ ಸಭೆಗೆ ಸೇರಿದ ವಲಸಿಗರು ಮೈಸೂರು ಸೀಮೆಯಲ್ಲೂ ಇದ್ದಾರೆ, ಅವರ ಮಂಡ್ಯ ಧರ್ಮಕ್ಷೇತ್ರ 2010ರಲ್ಲಿ ಹುಟ್ಟಿತು. ಒಗ್ಗಟ್ಟಿನ ಸಂಸ್ಕಾರವೇ ಒಡಕಿಗೆ ನೆಪವಾಗಬಲ್ಲದು ಎನ್ನಲು ಬೇರೆ ಉದಾಹರಣೆ ಬೇಡ.

ಎಲ್ಲಕ್ಕಿಂತ ದೊಡ್ಡ ತೊಡಕು ದೇವಶಾಸ್ತ್ರದ್ದಲ್ಲ, ದಿನಚರಿಯದು. ಮೈಸೂರು ಧರ್ಮಕ್ಷೇತ್ರ ಮೈಸೂರು, ಮಂಡ್ಯ, ಚಾಮರಾಜನಗರ, ಕೊಡಗು ಎಂಬ ನಾಲ್ಕು ಜಿಲ್ಲೆಗಳಿಗೆ ಹರಡಿದೆ. ತಾಲ್ಲೂಕು ಕೇಂದ್ರದ ಗುರುಗಳೊಬ್ಬರ ಕೆಳಗೆ ಹಲವು ಉಪಕೇಂದ್ರಗಳು. ಅಗತ್ಯ ಬಿದ್ದರೆ ಭಾನುವಾರ ಒಬ್ಬ ಗುರು ಮೂರು ಬಲಿಪೂಜೆ ಅರ್ಪಿಸಬಹುದು, ಅದಕ್ಕಿಂತ ಹೆಚ್ಚಿಗೆ ಕಾನೂನು ಬಿಡುವುದಿಲ್ಲ, ಮೈಯೂ ಬಿಡುವುದಿಲ್ಲ. ಕಾಡಂಚಿನ ಹಳ್ಳಿಗೆ ಹೋಗಿಬರಲು ಅರ್ಧ ದಿನ ಬೇಕು. ಜನರ ಕಡೆಯಿಂದ ನೋಡಿದರೆ ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗೆ ಒಮ್ಮೆ ಬೆಂಕಿ ಹಾಕಿದರೆ ಐದಾರು ದಿನ ಹಗಲೂ ರಾತ್ರಿ ಕಾವು ಕಾಯಬೇಕು, ಭಾನುವಾರ ಅಂತ ಆರಿಸಲಾಗದು. ಕೊಡಗಿನ ಕಾಫಿ ಕೊಯ್ಲಿಗೆ ಹೋದ ಕೂಲಿಯವರಿಗೆ, ಶುಂಠಿ ಹೊಲದಲ್ಲಿ ಗೇಯುವವರಿಗೆ ಊರಿನ ಗುಡಿ ತಿಂಗಳುಗಟ್ಟಲೆ ದೂರ. ಅಮೆಜಾನ್ ಕಾಡಿನ ಊರುಗಳು ಗುರುಗಳಿಲ್ಲದೆ ವರ್ಷಕ್ಕೊಮ್ಮೆ ಬಲಿಪೂಜೆ ಕಾಣುವ ಸ್ಥಿತಿಯನ್ನು 2019ರ ಅಕ್ಟೋಬರಿನ ಸಿನಡ್ ಚರ್ಚಿಸಿ, ಮದುವೆಯಾದ ಯೋಗ್ಯರಿಗೂ ಗುರುದೀಕ್ಷೆ ಕೊಡೋಣ ಎಂದು ಸಲಹೆ ಕೊಟ್ಟಿತು. ಮರುವರ್ಷ ಪೋಪ್ ಫ್ರಾನ್ಸಿಸ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ನಮ್ಮ ತಾಲ್ಲೂಕುಗಳ ಕೊರತೆ ಅಷ್ಟು ಭೀಕರವಲ್ಲ. ಆದರೆ ಬಸಿಲಿಕಾದಲ್ಲಿ ಹಬ್ಬದ ದಿನ ಸಾಲು ಸಾಲು ಬಲಿಪೂಜೆ, ಉಪಕೇಂದ್ರದಲ್ಲಿ ಮುಂದಿನ ತಿಂಗಳ ತನಕ ಕಾಯುವಿಕೆ ಎಂಬ ಅಸಮತೋಲ ಎಲ್ಲಿದ್ದರೂ ಅದಕ್ಕೆ ಸಂತರನ್ನು ದೂರಿ ಪ್ರಯೋಜನವಿಲ್ಲ, ಹಂಚಿಕೆಯನ್ನು ಸರಿಮಾಡಬೇಕು.

ಸರಿಮಾಡಲು ಬೇಕಾದ ಅನುಮತಿಗಳೆಲ್ಲ ಹಿಂದೆಯೇ ಸಿಕ್ಕಿವೆ. ಭಾನುವಾರದ ಬಲಿಪೂಜೆಯನ್ನು ಶನಿವಾರ ಸಂಜೆಯೇ ಅರ್ಪಿಸಬಹುದು. ಬ್ಯಾರನ್ ಕಾಯುವ ಮನೆಗಳಲ್ಲಿ ಸರದಿಯ ಮೇಲೆ ಒಬ್ಬರಾದರೂ ಬರಲು ಅದರಿಂದ ಆಗುತ್ತದೆ. ಗುರುಗಳಿಲ್ಲದ ಭಾನುವಾರದ ಪ್ರಾರ್ಥನಾ ಕೂಟಕ್ಕೆ 1988ರಲ್ಲೇ ವ್ಯಾಟಿಕನ್ ಮಾರ್ಗಸೂಚಿ ಕೊಟ್ಟಿದೆ. ಎರಡನೇ ಶತಮಾನದ ನಡುವೆ ಜಸ್ಟಿನ್ ಎಂಬ ಲೇಖಕ ರೋಮಿನ ಭಾನುವಾರದ ಸಭೆಯನ್ನು ಬಣ್ಣಿಸುವಾಗ ಎರಡು ವಿವರ ಕೊಡುತ್ತಾನೆ: ಬರಲಾಗದವರ ಪಾಲನ್ನು ಅವರ ಮನೆಗೆ ಒಯ್ಯುತ್ತಿದ್ದರು, ಸಂಗ್ರಹವಾದ ಕಾಣಿಕೆ ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ ಹೋಗುತ್ತಿತ್ತು. ಎರಡನೆಯ ಕೆಲಸವನ್ನು ಧರ್ಮಕ್ಷೇತ್ರದ ಸಮಾಜಸೇವಾ ಸಂಸ್ಥೆ ಒಡಿಪಿ ಈ ಭಾಗದ ಹಳ್ಳಿಗಳಲ್ಲಿ ಸ್ವಸಹಾಯ ಸಂಘಗಳ ಮೂಲಕ ತನ್ನ ರೀತಿಯಲ್ಲಿ ಮಾಡುತ್ತಾ ಬಂದಿದೆ, ಅಲ್ಲಿ ಮತ ಕೇಳುವುದಿಲ್ಲ. ಮೊದಲನೆಯದು ಇನ್ನೂ ಬಹುಮಟ್ಟಿಗೆ ಗುರುಗಳಿಗೂ ಸಿಸ್ಟರುಗಳಿಗೂ ಬಿಟ್ಟ ಕೆಲಸವಾಗಿಯೇ ಉಳಿದಿದೆ. ಪರಮಪ್ರಸಾದವನ್ನು ಹಂಚಲು, ಕಾಯಿಲೆಯವರ ಮನೆಗೆ ಒಯ್ಯಲು ಸಾಮಾನ್ಯ ವಿಶ್ವಾಸಿಗಳನ್ನು, ಗಂಡಸರನ್ನೂ ಹೆಂಗಸರನ್ನೂ ನೇಮಿಸಬಹುದು ಎಂದು ರೋಮ್ 1973ರಲ್ಲಿ ಹೇಳಿ ಅರ್ಧ ಶತಮಾನ ದಾಟಿತು. ಸಂಘದ ಲೆಕ್ಕ ಬರೆದು, ಬ್ಯಾಂಕಿಗೆ ಹೋಗಿ ಸಾಲ ತಂದು, ತೀರಿಸಿ ತೋರಿಸಿದ ಹೆಂಗಸರು ಪ್ರತಿ ಉಪಕೇಂದ್ರದಲ್ಲೂ ಸಿಗುತ್ತಾರೆ. ಅವರಿಗೆ ಕೆಲವು ವಾರಗಳ ತರಬೇತಿ ಮತ್ತು ಧರ್ಮಾಧ್ಯಕ್ಷರ ಒಂದು ನೇಮಕ ಪತ್ರ ಸಿಕ್ಕರೆ, ಗುರುಗಳು ಬಾರದ ಭಾನುವಾರವೂ ಆ ಹಳ್ಳಿಯಲ್ಲಿ ಜನ ಸಾಲು ನಿಲ್ಲುತ್ತಾರೆ.